ಅಮ್ಮನ ಮಾತ್ರೆ ಚೀಲವನ್ನು ಪೂರ್ತಿ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಹೋದ ಮಳೆಗಾಲದಲ್ಲಿ ನನ್ನ ಅಮ್ಮ ರಾತ್ರಿ ಎರಡೂವರೆ ಹೊತ್ತಿಗೆ ಬಚ್ಚಲುಮನೆ ಬಾಗಿಲಲ್ಲಿ ಬಿದ್ದರು. ಕರೆಂಟ್ ಇರಲಿಲ್ಲ, ಮಲೆನಾಡಿನ ಜುಲೈ ಅಂದರೆ ಗೊತ್ತಲ್ಲ. ಕತ್ತಲೆಗೆ ಎಡವಿರಬೇಕು ಅಂದುಕೊಂಡೆವು. ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಬಿಪಿ ತುಂಬಾ ಇಳಿದಿದೆ, ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿದೆ ಅಂತ ಗೊತ್ತಾಯಿತು. ಸೊಂಟ ಮುರಿಯಲಿಲ್ಲ, ಅದೊಂದು ಪುಣ್ಯ. ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಆದರೆ ಯಾಕೆ ಹೀಗಾಯಿತು ಅನ್ನುವುದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ, ಅದೂ ನಮ್ಮ ಜಗುಲಿಯ ಮೇಲೆ. ಇದು ನಮ್ಮೊಬ್ಬರ ಮನೆಯ ವಿಷಯ ಅಲ್ಲ ಅಂತ ಅನ್ನಿಸಿದ್ದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 74 ವರ್ಷ. ಬಿಪಿಗೆ ಮೂಡಿಗೆರೆಯಲ್ಲಿ ತೋರಿಸುತ್ತೇವೆ. ಮಂಡಿ ನೋವಿಗೆ ಹಾಸನ. ಥೈರಾಯ್ಡ್‌ಗೆ ಚಿಕ್ಕಮಗಳೂರು. ಎದೆ ನೋವು ಅಂದಾಗ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿದ್ದೆವು. ನಾಲ್ಕು ಊರು, ನಾಲ್ಕು ಫೈಲು. ಈ ಕಡೆಯ ಎಷ್ಟೋ ಮನೆಗಳಲ್ಲಿ ವಯಸ್ಸಾದವರ ಕಥೆ ಹೀಗೇ ಇದೆ. ಒಬ್ಬ ಡಾಕ್ಟರ್ ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನಾವು ಹಳೇ ಚೀಟಿ ತೋರಿಸಬೇಕು, ನಿಜ, ಆದರೆ ಬೆಳಿಗ್ಗೆ ಐದಕ್ಕೇ ಎದ್ದು ಬಸ್ಸು ಹತ್ತುವ ಗಡಿಬಿಡಿಯಲ್ಲಿ ಅದು ಮನೆಯ ಬೀರುವಿನಲ್ಲೇ ಉಳಿದಿರುತ್ತದೆ. ಇದರ ಮೇಲೆ ಮಂಗಳೂರಿನಲ್ಲಿ ಬರೆದ ಕಂಪನಿಯ ಮಾತ್ರೆ ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಮಳೆಗೆ ಘಾಟಿ ಬಂದ್ ಆದರೆ ತರುವುದಾದರೂ ಹೇಗೆ? "ಇದೂ ಅದೇ" ಅಂತ ಬೇರೆ ಕಂಪನಿಯದ್ದು ಕೊಡುತ್ತಾರೆ. ನಾವು ಹೊಸ ಮಾತ್ರೆ ಅಂದುಕೊಂಡು ಹಳೆಯದನ್ನೂ ನುಂಗಿಸುತ್ತೇವೆ.

ಪಕ್ಕದೂರಿನ ಒಬ್ಬ ಹುಡುಗಿ ಮೈಸೂರಿನಲ್ಲಿ ಫಾರ್ಮ್ ಡಿ, ಅಂದರೆ ಔಷಧಿಗಳ ಬಗೆಗಿನ ಪದವಿ, ಓದುತ್ತಿದ್ದಾಳೆ. ರಜೆಗೆ ಬಂದವಳು ಅಮ್ಮನನ್ನು ಮಾತಾಡಿಸಲು ಬಂದಳು. "ಅಜ್ಜಿ, ನೀವು ತಗೊಳ್ಳೋ ಮಾತ್ರೆ ಎಲ್ಲಾ ತೋರಿಸಿ" ಅಂದಳು. ಬಟ್ಟೆ ಅಂಗಡಿಯ ಹಳೇ ಕೈಚೀಲವೊಂದನ್ನು ಅಮ್ಮ ತಂದು ಚಾಪೆಯ ಮೇಲೆ ಸುರಿದರು. 11 ಬಗೆಯ ಮಾತ್ರೆ! ಕೆಲವು ಶೀಟುಗಳನ್ನು ಕತ್ತರಿಯಲ್ಲಿ ಕತ್ತರಿಸಿ ಐದೈದು ಮಾತ್ರೆ ಕೊಟ್ಟಿದ್ದರು, ಹೆಸರು, ಎಕ್ಸ್‌ಪೈರಿ ತಾರೀಕು ಇದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. ಆ ಹುಡುಗಿ ಮೊಬೈಲ್ ಟಾರ್ಚ್ ಹಾಕಿಕೊಂಡು ಒಂದೊಂದನ್ನೇ ಓದಿದಳು. ಎರಡು ಶೀಟು ಪಕ್ಕಪಕ್ಕ ಇಟ್ಟಳು. ಬಣ್ಣ ಬೇರೆ, ಕಂಪನಿ ಬೇರೆ, ಕಂಪನಿ ಇಟ್ಟ ಹೆಸರು ಬೇರೆ. ಒಳಗಿನ ಔಷಧಿ ಒಂದೇ, ಬಿಪಿ ಇಳಿಸುವ ಆಮ್ಲೋಡಿಪಿನ್ 5 ಮಿಲಿಗ್ರಾಂ. ಒಂದರಲ್ಲಿ ಅದೊಂದೇ ಇತ್ತು, ಇನ್ನೊಂದರಲ್ಲಿ ಟೆಲ್ಮಿಸಾರ್ಟನ್ ಅನ್ನುವ ಬೇರೊಂದು ಬಿಪಿ ಔಷಧಿಯ ಜೊತೆ ಸೇರಿಕೊಂಡಿತ್ತು.

ಅಂದರೆ ಅಮ್ಮ ದಿನಕ್ಕೆ 10 ಮಿಲಿಗ್ರಾಂ ತಗೊಳ್ಳುತ್ತಿದ್ದರು. ಅದು ಆ ಔಷಧಿಯ ಗರಿಷ್ಠ ಪ್ರಮಾಣ. ಆಮ್ಲೋಡಿಪಿನ್ ಒಳ್ಳೆಯ ಮಾತ್ರೆಯೇ, ಆದರೆ ಪ್ರಮಾಣ ಜಾಸ್ತಿಯಾದಷ್ಟೂ ಕಾಲು ಊದಿಕೊಳ್ಳುವುದು ಜಾಸ್ತಿ. ಅಮ್ಮನ ಕಾಲೂ ಊದಿತ್ತು. ಅದನ್ನು ತೋರಿಸಲು ಹೋದಾಗ ನೀರು ಹೋಗುವ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ಅಮ್ಮ ರಾತ್ರಿ ಊಟದ ಮೇಲೆ ತಗೊಳ್ಳುತ್ತಿದ್ದರು. ಹಾಗಾಗಿ ರಾತ್ರಿಯೆಲ್ಲಾ ಎದ್ದು ಎದ್ದು ಬಚ್ಚಲಿಗೆ. ಸೋಡಿಯಂ ಇಳಿಯಿತು, ತಲೆ ಸುತ್ತಿತು, ಬಿದ್ದರು. ಈ ಊತವೇ ಬೇರೆ ಬಗೆಯದ್ದು, ನೀರಿನ ಮಾತ್ರೆಗೆ ಅಷ್ಟಾಗಿ ಇಳಿಯುವುದೂ ಇಲ್ಲವಂತೆ.

ಒಂದು ಔಷಧಿಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಅದಕ್ಕೊಂದು ಔಷಧಿ, ಅದರ ಅಡ್ಡಪರಿಣಾಮಕ್ಕೆ ಮತ್ತೊಂದು. ಈ ಸರಪಳಿಯ ಬಗ್ಗೆ ರೋಶಾನ್ ಮತ್ತು ಗುರ್ವಿಟ್ಜ್ ಅನ್ನುವ ಇಬ್ಬರು ವೈದ್ಯರು 1997ರಲ್ಲೇ ಬರೆದಿದ್ದಾರೆ. ಕೆನಡಾದ ಆಂಟಾರಿಯೊದಲ್ಲಿ ವಯಸ್ಸಾದ ಬಿಪಿ ರೋಗಿಗಳ ದಾಖಲೆ ತೆಗೆದು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆಮ್ಲೋಡಿಪಿನ್ ಗುಂಪಿನ ಮಾತ್ರೆ ಹೊಸದಾಗಿ ಶುರು ಮಾಡಿದವರಿಗೆ, ಬೇರೆ ಬಿಪಿ ಮಾತ್ರೆ ಶುರು ಮಾಡಿದವರಿಗಿಂತ, ಆಮೇಲಿನ ಮೂರು ತಿಂಗಳಲ್ಲಿ ನೀರಿನ ಮಾತ್ರೆ ಬರೆದುಕೊಟ್ಟದ್ದು ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಇದನ್ನು ಓದಿದಾಗ ನಮ್ಮಮ್ಮನ ಫೈಲನ್ನೇ ಯಾರೋ ತೆಗೆದು ಓದಿದಂತಾಯಿತು.

ಇನ್ನೂ ಒಂದಿದೆ. ಹಾಸನದಲ್ಲಿ ಕೊಟ್ಟ ಮಂಡಿ ನೋವಿನ ಮಾತ್ರೆ. ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ, ನೀರಿನ ಮಾತ್ರೆ, ನೋವಿನ ಮಾತ್ರೆ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಏಟು. ಬ್ರಿಟನ್ನಿನ ಸುಮಾರು 4 ಲಕ್ಷ 87 ಸಾವಿರ ಬಿಪಿ ರೋಗಿಗಳ ದಾಖಲೆ ನೋಡಿ 2013ರಲ್ಲಿ ಬರೆದ ವರದಿಯ ಪ್ರಕಾರ, ನೋವಿನ ಮಾತ್ರೆ ಇಲ್ಲದೆ ಉಳಿದೆರಡನ್ನೇ ತಗೊಂಡವರಿಗಿಂತ ಮೂರನ್ನೂ ತಗೊಂಡವರಲ್ಲಿ ಕಿಡ್ನಿಗೆ ದಿಢೀರ್ ಪೆಟ್ಟು ಬೀಳುವುದು ಶೇ 31ರಷ್ಟು ಹೆಚ್ಚು. ಮೊದಲ 30 ದಿನಗಳಲ್ಲಂತೂ ಶೇ 82ರಷ್ಟು ಹೆಚ್ಚು. ಅಮ್ಮನ ಚೀಲದಲ್ಲಿ ಮೂರೂ ಇದ್ದವು. ಒಬ್ಬೊಬ್ಬ ಡಾಕ್ಟರೂ ತಮ್ಮ ಮುಂದಿದ್ದ ನೋವಿಗೆ ಸರಿಯಾದದ್ದನ್ನೇ ಬರೆದಿದ್ದರು, ಅವರನ್ನು ದೂರುವ ಮನಸ್ಸು ನನಗಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ ಕಣ್ಣು ಮಾತ್ರ ಒಂದೂ ಇರಲಿಲ್ಲ.

ಆ ಹುಡುಗಿ ಯಾವ ಮಾತ್ರೆಯನ್ನೂ ನಿಲ್ಲಿಸಿ ಅನ್ನಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಈ ಪತ್ರ ಓದಿ ಯಾರಾದರೂ ಬಿಪಿ ಮಾತ್ರೆಯನ್ನು ತಾವಾಗೇ ಬಿಟ್ಟರೆ ಅನಾಹುತ. ಅವಳು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು, "ಇದನ್ನೂ ಚೀಲವನ್ನೂ ಡಾಕ್ಟರ್ ಮುಂದೆ ಇಡಿ" ಅಂದಳು. ಇಟ್ಟೆವು. ಡಾಕ್ಟರ್ ಅರ್ಧ ಗಂಟೆ ಕೂತು ನೋಡಿ 11 ಇದ್ದದ್ದನ್ನು ಆರಕ್ಕೆ ಇಳಿಸಿದರು. ಕಾಲಿನ ಊತ ಎರಡು ವಾರದಲ್ಲಿ ಇಳಿಯಿತು.

ಹೋಗುವಾಗ ಅವಳು ಇನ್ನೊಂದು ಕೇಳಿದಳು, ಥೈರಾಯ್ಡ್ ಮಾತ್ರೆ ಯಾವಾಗ ತಗೊಳ್ಳುತ್ತೀರಿ ಅಂತ. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಅಂದರು. ಯಾವುದರ ಜೊತೆ? ಕಾಫಿ ಜೊತೆ! ಕಾಫಿ ಬೆಳೆಯುವ ಊರಿನಲ್ಲಿ ಇನ್ನೇನು ಮಾಡುತ್ತಾರೆ. ಆದರೆ ಕಾಫಿ ಜೊತೆ ನುಂಗಿದರೆ ಆ ಮಾತ್ರೆಯಲ್ಲಿರುವ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ, ಇಟಲಿಯ ಸಂಶೋಧಕರು 2008ರಲ್ಲೇ ಇದನ್ನು ತೋರಿಸಿದ್ದಾರೆ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ರಕ್ತ ಕಡಿಮೆ ಅಂತ ಕೊಡುವ ಕಬ್ಬಿಣದ ಮಾತ್ರೆಗೂ ಕಾಫಿ, ಟೀ ಆಗಿಬರುವುದಿಲ್ಲ. ನಮ್ಮ ತೋಟಗಳಿಗೆ ಕೆಲಸಕ್ಕೆ ಬರುವ ಎಷ್ಟು ಹೆಣ್ಣುಮಕ್ಕಳು ಆ ಮಾತ್ರೆಯನ್ನು ಬೆಳಗಿನ ಟೀ ಜೊತೆಗೇ ನುಂಗುತ್ತಿರಬಹುದು ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಥೈರಾಯ್ಡ್ ಮಾತ್ರೆ ತಗೊಂಡ ಮೂರು ವರ್ಷ ಅಮ್ಮನಿಗೆ ಈ ಕಾಫಿಯ ಮಾತು ಯಾರೂ ಹೇಳಿರಲಿಲ್ಲ.

ಹೇಳಬೇಕಾದವರು ಇಲ್ಲ ಅಂತಲ್ಲ. ಫಾರ್ಮ್ ಡಿ ಅನ್ನುವ ಆರು ವರ್ಷದ ಓದು ನಮ್ಮ ದೇಶದಲ್ಲಿ 2008ರಿಂದ ಇದೆ. ರೋಗಿಯ ಪಕ್ಕ ಕೂತು ಔಷಧಿ ಪರಿಶೀಲಿಸುವ ಕ್ಲಿನಿಕಲ್ ಫಾರ್ಮಸಿಯನ್ನು ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಕಲಿಸಲು ಶುರು ಮಾಡಿದೆ. ಔಷಧಿಯನ್ನು ಹೇಗೆ ತಗೊಳ್ಳಬೇಕು, ಏನು ಅಡ್ಡಪರಿಣಾಮ ಬರಬಹುದು ಅಂತ ಫಾರ್ಮಸಿಸ್ಟ್ ರೋಗಿಗೆ ತಿಳಿಸಬೇಕು ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೇ ಹೇಳುತ್ತವೆ. ಆದರೆ ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಏನಾಗುತ್ತದೆ? ಹಿಂದೆ ಉದ್ದದ ಸಾಲು. ಒಳಗೆ ಒಬ್ಬರೇ. "ಬೆಳಿಗ್ಗೆ ಒಂದು, ರಾತ್ರಿ ಒಂದು" ಅನ್ನುವಷ್ಟರಲ್ಲಿ ಮುಂದಿನವರ ಕೈ ಒಳಗೆ ಬಂದಿರುತ್ತದೆ. ಅವರಾದರೂ ಏನು ಮಾಡಿಯಾರು ಪಾಪ.

ಅದಕ್ಕೇ ನನ್ನ ಬೇಡಿಕೆ ಇಷ್ಟು. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿ, ಆಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲಿ, ಔಷಧಿ ಕಿಟಕಿಯಿಂದ ದೂರ ಒಂದು ಮೇಜು ಹಾಕಿ ಫಾರ್ಮ್ ಡಿ ಓದಿದ ಒಬ್ಬರನ್ನು ಕೂರಿಸಿ. ವಾರಕ್ಕೆ ಒಂದು ದಿನ ಸಾಕು, ಸಂತೆಯ ದಿನವಾದರೆ ಹಳ್ಳಿಯವರಿಗೆ ಇನ್ನೂ ಅನುಕೂಲ. 60 ದಾಟಿದವರು, ಐದಕ್ಕಿಂತ ಜಾಸ್ತಿ ಮಾತ್ರೆ ತಗೊಳ್ಳುವವರು ಮನೆಯಲ್ಲಿರುವ ಎಲ್ಲಾ ಮಾತ್ರೆಯನ್ನೂ ಚೀಲದಲ್ಲಿ ಹಾಕಿಕೊಂಡು ಬರಲಿ. ನಾಟಿ ಔಷಧಿ, ಆಯುರ್ವೇದದ ಗುಳಿಗೆ, ಮೊಮ್ಮಗ ಬೆಂಗಳೂರಿನಿಂದ ಕಳಿಸಿದ ವಿಟಮಿನ್ ಡಬ್ಬಿ ಎಲ್ಲವೂ ಬರಲಿ. ಅವರು ನೋಡಿ ಕನ್ನಡದಲ್ಲಿ ಒಂದು ಪಟ್ಟಿ ಬರೆದುಕೊಡಲಿ, ಯಾವುದು ಯಾಕೆ, ಯಾವಾಗ ಅಂತ. ಬದಲಾವಣೆ ಬೇಕಿದ್ದರೆ ಅಲ್ಲೇ ಇರುವ ಡಾಕ್ಟರ್ ನಿರ್ಧರಿಸಲಿ. ಇದಕ್ಕೆ ಮೆಷಿನ್ ಬೇಡ, ಲ್ಯಾಬ್ ಬೇಡ.

ಓದುಗರಿಗೂ ಒಂದೆರಡು ಮಾತು. 2018ರಿಂದ ಶೀಟಿನ ಮೇಲೆ ಔಷಧಿಯ ಮೂಲ ಹೆಸರನ್ನು ಕಂಪನಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಹಾಕಬೇಕು ಅನ್ನುವ ನಿಯಮ ಬಂದಿದೆ, ಅದನ್ನು ಓದಿ. ಶೀಟು ಕತ್ತರಿಸಿ ಕೊಡುವಾಗ ಹೆಸರಿರುವ ತುಂಡನ್ನೇ ಕೊಡಿ ಅಂತ ಕೇಳಿ, ಸಂಕೋಚ ಬೇಡ. ಮಾತ್ರೆಯಿಂದ ತೊಂದರೆ ಆಯಿತು ಅನ್ನಿಸಿದರೆ ಮೊದಲು ಡಾಕ್ಟರಿಗೆ ಹೇಳಿ. ಆಮೇಲೆ ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೂ ತಿಳಿಸಬಹುದು. ರೋಗಿಯ ಮನೆಯವರೂ ಫೋನ್ ಮಾಡಬಹುದು ಅನ್ನುವುದು ನನಗೂ ಈಚೆಗೆ ತಿಳಿದದ್ದು.

ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಇದನ್ನು ಓದುತ್ತಾರೆ ಅಂತ ನಂಬಿದ್ದೇನೆ. ಮೂಡಿಗೆರೆಯಲ್ಲಿ ಶುರು ಮಾಡುವುದಾದರೆ ಆ ಮೇಜು, ಎರಡು ಕುರ್ಚಿಯನ್ನು ನಮ್ಮ ಹಳ್ಳಿಯವರೇ ಸೇರಿ ಕೊಡಿಸುತ್ತೇವೆ. ಊರಿನಲ್ಲಿ ಮಾತಾಡಿಯೇ ಇದನ್ನು ಬರೆಯುತ್ತಿದ್ದೇನೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು