1971ರ ಯುದ್ಧಸೇವೆಯ ಪದಕಗಳನ್ನು ಇದುವರೆಗೆ ನೀಡದಿರುವ ಬಗ್ಗೆ ದೂರು

ಇಂದ: ದಿವಂಗತ ಹವಾಲ್ದಾರರ ಪತ್ನಿ, ಹಾಗೂ ಅವರ ಪರವಾಗಿ ಮಗ, ಹಾವೇರಿ ಜಿಲ್ಲೆ. ಹೆಸರು, ಸೇನಾ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಮತ್ತು ವಿಳಾಸ ಮೊದಲನೇ ಲಗತ್ತಿನಲ್ಲಿವೆ.

ಗೆ: ಮುಖ್ಯ ದಾಖಲೆ ಅಧಿಕಾರಿಗಳು, ರೆಕಾರ್ಡ್ ಆಫೀಸ್

ಪ್ರತಿ: ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ

ವಿಷಯ: ಪೂರ್ವಿ ಸ್ಟಾರ್, ಸಂಗ್ರಾಮ ಪದಕ ಮತ್ತು ಇನ್ನೆರಡು ಪದಕಗಳನ್ನು ಮೊದಲ ಬಾರಿಗೆ ವಿತರಿಸುವ ಕುರಿತು

ಮಾನ್ಯರೇ,

ನಮ್ಮ ತಂದೆಯವರು 1966ರಲ್ಲಿ ಸೇನೆಗೆ ಭರ್ತಿಯಾಗಿ, ಡ್ರೈವರ್ ಎಂ.ಟಿ. (ಸೇನಾ ಮೋಟಾರು ವಾಹನ ಚಾಲಕ) ಟ್ರೇಡಿನಲ್ಲಿ ಸೇವೆ ಸಲ್ಲಿಸಿ, 1983ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಅವರ ಡಿಸ್ಚಾರ್ಜ್ ಬುಕ್ಕಿನ ಪದಕಗಳ ಕಾಲಮಿನಲ್ಲಿ ನಾಲ್ಕು ಹೆಸರುಗಳಿವೆ: ಪೂರ್ವಿ ಸ್ಟಾರ್ (1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿದ್ದವರಿಗೆ; ಪಶ್ಚಿಮ ರಂಗದವರಿಗೆ ಪಶ್ಚಿಮಿ ಸ್ಟಾರ್), ಸಂಗ್ರಾಮ ಪದಕ, ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವ ಪದಕ, 9 ವರ್ಷಗಳ ದೀರ್ಘ ಸೇವಾ ಪದಕ. ಇವುಗಳಲ್ಲಿ ಒಂದೂ ಅವರು ಬದುಕಿದ್ದಾಗ ಕೈಸೇರಲಿಲ್ಲ. ಅವರು ತೀರಿಕೊಂಡ ಮೇಲೆ ನಮ್ಮ ತಾಯಿಯವರ ಹೆಸರಿನಲ್ಲಿ ಕೊಟ್ಟ ಅರ್ಜಿಗೆ ನಿಮ್ಮ ಕಚೇರಿ ಕಳಿಸಿದ ಉತ್ತರದಲ್ಲಿ ನಾಲ್ಕೂ ಪದಕಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ, ಪೂರ್ವಿ ಸ್ಟಾರ್ ಒಂದರ ತಕರಾರನ್ನು ಉಳಿದ ಮೂರಕ್ಕೂ ಹಚ್ಚಿ, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಈ ದೂರು ಅದರ ವಿರುದ್ಧ.

ಮೊದಲು ತಕರಾರೇ ಇಲ್ಲದ ಪದಕಗಳ ಮಾತು. ಸಂಗ್ರಾಮ ಪದಕಕ್ಕೆ ಪೂರ್ವ, ಪಶ್ಚಿಮ ಎಂಬ ಭೇದವಿಲ್ಲ. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗಿನ ಅವಧಿಯಲ್ಲಿ ಜಮ್ಮು ಕಾಶ್ಮೀರ, ಪಂಜಾಬ್, ರಾಜಸ್ಥಾನ, ಗುಜರಾತ್, ಪಶ್ಚಿಮ ಬಂಗಾಳ, ಅಸ್ಸಾಂ, ಮೇಘಾಲಯ, ಮಿಜೋರಾಂ, ತ್ರಿಪುರಾಗಳ ಕಾರ್ಯಾಚರಣೆ ಪ್ರದೇಶಗಳಲ್ಲಿ ಸೇವೆಯಲ್ಲಿದ್ದವರಿಗೆ ಅದು ಸಲ್ಲುತ್ತದೆ. ನಮ್ಮ ತಂದೆಯವರು ತ್ರಿಪುರಾದಲ್ಲಿದ್ದರು ಎಂದು ನಾವು ಹೇಳುತ್ತೇವೆ. ಅವರ ಮೂಲ ಯೂನಿಟ್ ಪಂಜಾಬಿನಲ್ಲಿತ್ತು ಎಂದು ನಿಮ್ಮ ಪತ್ರ ಹೇಳುತ್ತದೆ. ಯಾರ ಮಾತನ್ನು ಒಪ್ಪಿದರೂ ಸಂಗ್ರಾಮ ಪದಕ ಅವರದ್ದೇ. ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕಕ್ಕೆ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದರೆ ಸಾಕು. 9 ವರ್ಷಗಳ ಪದಕಕ್ಕೆ ಬೇಕಾದ ಸೇವೆ ಮತ್ತು ನಡತೆ ಎರಡೂ ಅದೇ ಬುಕ್ಕಿನಲ್ಲಿ ನಮೂದಾಗಿವೆ. ನಡತೆಯ ಕಾಲಮಿನಲ್ಲಿ 'ಎಕ್ಸೆಂಪ್ಲರಿ' ಎಂದೇ ಬರೆದಿದೆ. ಈ ಮೂರನ್ನೂ ಪೂರ್ವಿ ಸ್ಟಾರ್ ವಿಚಾರ ಇತ್ಯರ್ಥವಾಗುವ ತನಕ ತಡೆಹಿಡಿಯುವುದಕ್ಕೆ ಯಾವ ಆಧಾರವೂ ಇಲ್ಲ.

ಇನ್ನು ಪೂರ್ವಿ ಸ್ಟಾರ್. ಡಿಸ್ಚಾರ್ಜ್ ಬುಕ್ಕಿನ ಆ ಸಾಲನ್ನು ದಯವಿಟ್ಟು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮೊದಲು 'ಪಶ್ಚಿಮಿ' ಎಂದು ಬರೆದು, ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಪೂರ್ವಿ' ಎಂದು ತಿದ್ದಲಾಗಿದೆ. ಅದೇ ನೀಲಿ ಮಸಿ, ಅದೇ ಕೈಬರಹ. ಪುಟದ ಕೆಳಗಿನ ದುಂಡು ಸೀಲು ತಿದ್ದಿದ ಅಕ್ಷರಗಳ ಮೇಲೂ ಹಾಯ್ದಿದೆ; ಅಂದರೆ ಸೀಲು ಹಾಕುವ ಮೊದಲೇ ತಿದ್ದುಪಡಿ ಆಗಿತ್ತು. ಇಲ್ಲದಿರುವುದು ಒಂದೇ, ತಿದ್ದುಪಡಿಯ ಪಕ್ಕದಲ್ಲಿ ಅಧಿಕಾರಿಯ ಕಿರುಸಹಿ. ಕಿರುಸಹಿ ಇಲ್ಲದ ತಿದ್ದುಪಡಿಯನ್ನು ಒಪ್ಪಲಾಗದು ಎನ್ನುವುದು ನಿಮ್ಮ ಉತ್ತರ. ನಿಯಮವಾಗಿ ಅದು ಸರಿಯೇ. ಆದರೆ ತಿದ್ದುಪಡಿಯನ್ನು ಬದಿಗಿಟ್ಟರೆ ಅದರಡಿಯಲ್ಲಿರುವ 'ಪಶ್ಚಿಮಿ' ತಾನೇ ಉಳಿಯಬೇಕು? ಅದನ್ನೂ ನೀವು ಕೊಟ್ಟಿಲ್ಲ. ಕಿರುಸಹಿ ಹಾಕದೆ ಬಿಟ್ಟದ್ದು ಕಚೇರಿಯ ಲೋಪ. ಬುಕ್ ಬರೆದದ್ದು ಸೈನಿಕರಲ್ಲ, ಸೀಲು ಇದ್ದದ್ದೂ ಅವರ ಬಳಿಯಲ್ಲ.

ಈ ಗೊಂದಲ ಹುಟ್ಟಿದ್ದು ಎಲ್ಲಿ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ 1971ರಲ್ಲಿ ಬೇರೆ ಯೂನಿಟ್ಟಿಗೆ ಅಟ್ಯಾಚ್ (ತಾತ್ಕಾಲಿಕ ನಿಯೋಜನೆ) ಆಗಿದ್ದ ಡ್ರೈವರು, ಅಡುಗೆಯವರು, ಸಿಗ್ನಲ್‌ನವರು ಹೀಗೆಯೇ ಬಿಟ್ಟುಹೋಗಿರುವ ಸಾಧ್ಯತೆ ಇದೆ. ಯುದ್ಧಕ್ಕೆ ಮೊದಲು ನಮ್ಮ ತಂದೆಯವರನ್ನು ಶಕ್ತಿಮಾನ್ ಲಾರಿ ಸಮೇತ ಪೂರ್ವದ ಒಂದು ಬ್ರಿಗೇಡ್ ಹೆಡ್‌ಕ್ವಾರ್ಟರ್ಸ್‌ಗೆ ಅಟ್ಯಾಚ್ ಮಾಡಲಾಗಿತ್ತು. ಆಗ ತ್ರಿಪುರಾದ ಕಡೆಗೆ ರೈಲು ಧರ್ಮನಗರದವರೆಗೆ ಮಾತ್ರ. ಅಲ್ಲಿಂದ ಮುಂದೆ ತೇಲಿಯಾಮುರಾ, ಅಗರ್ತಲಾಗಳಿಗೆ ಮದ್ದುಗುಂಡು, ಡೀಸೆಲ್, ರೇಷನ್ ಹೋಗಬೇಕಾದದ್ದು ಗುಡ್ಡದ ರಸ್ತೆಯಲ್ಲಿ, ಲಾರಿಗಳ ಮೇಲೆ. ಡಿಸೆಂಬರ್ 5ರಂದು ಗಡಿಯಾಚೆಯ ಅಖೌರಾ ನಮ್ಮ ಸೇನೆಯ ವಶವಾಯಿತು. ಆ ಮೇಲೆ ಅವರ ಲಾರಿಯೂ ಗಡಿ ದಾಟಿತು. ಇತ್ತ ಮೂಲ ಯೂನಿಟ್ಟು ತನ್ನವರ ನಾಮಿನಲ್ ರೋಲ್ (ಹೆಸರುಗಳ ಪಟ್ಟಿ) ತಯಾರಿಸುವಾಗ, ಆ ದಿನಗಳಲ್ಲಿ ಹಾಜರಿಲ್ಲದ ಇವರನ್ನು ಪಶ್ಚಿಮಿ ಸ್ಟಾರ್ ಪಟ್ಟಿಯಿಂದ ಕೈಬಿಟ್ಟಿತು. ಅದು ಸರಿಯಾದ ಕ್ರಮವೇ. ಅತ್ತ ಬ್ರಿಗೇಡ್ ಹೆಡ್‌ಕ್ವಾರ್ಟರ್ಸ್ ತನ್ನ ಸ್ವಂತ ಸ್ಟ್ರೆಂಥಿನಲ್ಲಿದ್ದವರ (ತನ್ನದೇ ಸಿಬ್ಬಂದಿಯ) ಪಟ್ಟಿ ಮಾತ್ರ ಕಳಿಸಿತು. ಎರಡೂ ಪಟ್ಟಿಗಳ ನಡುವೆ ಒಬ್ಬ ಡ್ರೈವರ್ ಬಿಟ್ಟುಹೋದರು.

ಇದನ್ನು ಸರಿಪಡಿಸುವ ದಾಖಲೆಗಳು ನಿಮ್ಮಲ್ಲೇ ಇರಬೇಕು. ಯಾರನ್ನಾದರೂ ಬೇರೆಡೆಗೆ ಅಟ್ಯಾಚ್ ಮಾಡಿದರೆ ಮೂಲ ಯೂನಿಟ್ಟು ಪಾರ್ಟ್ ಟೂ ಆರ್ಡರ್ (ಸೈನಿಕರ ಸೇವೆಯ ಬದಲಾವಣೆಗಳನ್ನು ದಾಖಲಿಸುವ ಆದೇಶ) ಹೊರಡಿಸುತ್ತದೆ. ಹೋದ ದಿನಕ್ಕೊಂದು, ಮರಳಿದ ದಿನಕ್ಕೊಂದು. ಅದು ಸೈನಿಕರ ಸೇವಾ ದಾಖಲೆಯಾದ ಶೀಟ್ ರೋಲಿಗೆ ಏರುತ್ತದೆ. ಶೀಟ್ ರೋಲ್ ತೆರೆದು 1971ರ ಅಕ್ಟೋಬರಿನಿಂದ 1972ರ ಮಾರ್ಚ್‌ವರೆಗಿನ ನಮೂದುಗಳನ್ನು ಓದಿದರೆ ಪ್ರಶ್ನೆ ಅಲ್ಲಿಗೇ ತೀರುತ್ತದೆ. ನಿಮ್ಮ ಉತ್ತರದಲ್ಲಿ ಶೀಟ್ ರೋಲ್ ನೋಡಿದ ಸುಳಿವೇ ಇಲ್ಲ. 'ಹಳೆಯ ದಾಖಲೆಗಳು ಲಭ್ಯವಿಲ್ಲ' ಎಂಬ ಒಂದು ಸಾಲಿದೆ, ಅಷ್ಟೆ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಡತಗಳನ್ನು 25 ವರ್ಷಗಳ ಬಳಿಕ ನಾಶಪಡಿಸುತ್ತಾರೆ ಎಂಬುದು ನಮಗೆ ಗೊತ್ತಿದೆ. ಇವರು ಪಿಂಚಣಿದಾರರು. ನಮ್ಮ ತಾಯಿಯವರಿಗೆ ಇಂದಿಗೂ ಕುಟುಂಬ ಪಿಂಚಣಿ ಬರುತ್ತಿದೆ, ಅದರ ಕಾಗದಪತ್ರ ಹೊರಟದ್ದು ನಿಮ್ಮ ಕಚೇರಿಯಿಂದಲೇ. ಪಿಂಚಣಿಗೆ ಸಿಕ್ಕ ಕಡತ ಪದಕಕ್ಕೆ ಸಿಗುವುದಿಲ್ಲ ಎಂದರೆ ಹುಡುಕಿಲ್ಲ ಎಂದೇ ಅರ್ಥ. ನಿಜವಾಗಿಯೂ ನಾಶವಾಗಿದ್ದರೆ, ಯಾವ ದಿನಾಂಕದ ಯಾವ ಆದೇಶದಡಿ ನಾಶವಾಯಿತು ಎಂದು ಬರೆದು ತಿಳಿಸಿ, ಮತ್ತು ಲಾಂಗ್ ರೋಲಿನ (ಕಡತ ನಾಶವಾದರೂ ಉಳಿಸಿಕೊಳ್ಳುವ ಸಂಕ್ಷಿಪ್ತ ಸೇವಾ ರಿಜಿಸ್ಟರ್) ನಮೂದನ್ನಾದರೂ ಕೊಡಿ.

ನಮ್ಮ ಕಡೆಯ ಪುರಾವೆಯಾಗಿ ತಂದೆಯವರು ಮನೆಗೆ ಬರೆದ ಒಂದು ಇನ್‌ಲ್ಯಾಂಡ್ ಪತ್ರದ ನಕಲು ಲಗತ್ತಿಸಿದ್ದೇವೆ. ಅದರ ಹಿಂಬದಿಯಲ್ಲಿ ಅವರದೇ ಕೈಬರಹದ ವಿಳಾಸ 'ಕೇರಾಫ್ 99 ಎಪಿಒ' ಎಂದಿದೆ (ಎಪಿಒ ಎಂದರೆ ಆರ್ಮಿ ಪೋಸ್ಟ್ ಆಫೀಸ್, ಸೇನಾ ಅಂಚೆ ಕಚೇರಿ). ಪೂರ್ವ ಭಾಗದ ಸೈನಿಕರ ಅಂಚೆ ಹೋಗುತ್ತಿದ್ದದ್ದು 99 ಎಪಿಒ ಮೂಲಕ. ಪಂಜಾಬಿನಲ್ಲಿದ್ದಿದ್ದರೆ ಅಲ್ಲಿ 56 ಎಪಿಒ ಎಂದಿರಬೇಕಿತ್ತು. ಫೀಲ್ಡ್ ಪೋಸ್ಟ್ ಆಫೀಸಿನ (ಎಫ್‌ಪಿಒ) ಮುದ್ರೆಯ ಎಡಭಾಗ ಮಸುಕಾಗಿದೆ, ಆದರೆ ತಿಂಗಳು ಮತ್ತು ಇಸವಿ ಚೆನ್ನಾಗಿ ಕಾಣುತ್ತವೆ: ಡಿಸೆಂಬರ್ 1971. ಮುದ್ರೆಯಲ್ಲಿರುವ ಎಫ್‌ಪಿಒ ಸಂಖ್ಯೆಯನ್ನು ಹಿಡಿದು ಆ ಅಂಚೆ ಕಚೇರಿ ಯಾವ ಫಾರ್ಮೇಶನ್ (ಬ್ರಿಗೇಡ್, ಡಿವಿಜನ್‌ನಂಥ ಸೇನಾ ಘಟಕ) ಜೊತೆಗಿತ್ತು ಎಂದು ಸೇನಾ ಅಂಚೆ ಸೇವೆಯವರಿಂದ ತಿಳಿದುಕೊಳ್ಳಬಹುದು. ಆ ಬ್ರಿಗೇಡಿನ ವಾರ್ ಡೈರಿಯನ್ನು (ಯುದ್ಧಕಾಲದ ದಿನಚರಿ) ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದಿಂದ ಕೇಳಿ ನೋಡಬಹುದು. ಇವೆರಡೂ ಒಂದು ಕಚೇರಿ ಇನ್ನೊಂದಕ್ಕೆ ಪತ್ರ ಬರೆದರೆ ಆಗುವ ಕೆಲಸ. ಎಂಬತ್ತರ ಹತ್ತಿರದ ವಿಧವೆ ಮಾಡಬೇಕಾದದ್ದಲ್ಲ. ಮೂಲ ಪತ್ರವನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ನೋಡಲೇಬೇಕೆಂದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ನಿಮ್ಮ ಪ್ರತಿನಿಧಿಯ ಮುಂದೆ ಹಾಜರುಪಡಿಸುತ್ತೇವೆ.

ನಮಗೆ ಅತ್ಯಂತ ನೋವಾದದ್ದು ನಿಮ್ಮ ಪತ್ರದ ಕೊನೆಯ ಭಾಗದಿಂದ. ಪದಕ ಬೇಕಿದ್ದರೆ ಪೊಲೀಸ್ ಠಾಣೆಯ ಎಫ್‌ಐಆರ್, ಕಳೆದುಹೋದ ಬಗ್ಗೆ ಅಫಿಡವಿಟ್ ಮತ್ತು ಹಣ ಕಟ್ಟಿದ ರಸೀದಿ ಸಹಿತ ನಕಲು ಪದಕಕ್ಕೆ ಅರ್ಜಿ ಸಲ್ಲಿಸಿ ಎಂದು ಅದರಲ್ಲಿದೆ. ಕೈಗೇ ಬರದ ಪದಕ ಕಳೆದುಹೋಯಿತೆಂದು ನಮ್ಮ ತಾಯಿಯವರು ನೋಟರಿಯ ಮುಂದೆ ಪ್ರಮಾಣ ಮಾಡಬೇಕೇ? ಅದು ಸುಳ್ಳು ಪ್ರಮಾಣ. ಅವರು ಮಾಡುವುದಿಲ್ಲ, ನಾವು ಮಾಡಿಸುವುದೂ ಇಲ್ಲ. ಪದಕ ಹಿಂದೆಯೇ ಕೊಟ್ಟಾಗಿದೆ ಎಂಬುದು ನಿಮ್ಮ ನಿಲುವಾದರೆ ಅದಕ್ಕೆ ಪುರಾವೆ ಇರಬೇಕು: ಪದಕ ವಿತರಣಾ ರಿಜಿಸ್ಟರಿನ ಪುಟ, ರಿಜಿಸ್ಟರ್ಡ್ ಅಂಚೆಯ ಸಂಖ್ಯೆ, ತೆಗೆದುಕೊಂಡವರ ಸಹಿ. ಅದರ ನಕಲು ಕೊಡಿ. ಕೊಡಲಾಗದಿದ್ದರೆ ಇದು ಮೊದಲ ವಿತರಣೆ. ಅದಕ್ಕೆ ಹಣವೂ ಇಲ್ಲ, ಎಫ್‌ಐಆರೂ ಇಲ್ಲ.

ಅಂಗಡಿಯಲ್ಲಿ ಇವೆಲ್ಲ ಸಿಗುತ್ತವೆ, ಕೊಂಡು ಇಟ್ಟುಕೊಳ್ಳಿ ಎಂದು ಫೋನಿನಲ್ಲಿ ಸಲಹೆ ಬಂತು. ಸಿಗುತ್ತವೆ, ನಿಜ. ದುಂಡು ಪದಕದ ಅಂಚನ್ನು ತಿರುಗಿಸಿ ನೋಡಿದರೆ ಸೇನಾ ಸಂಖ್ಯೆ, ಹುದ್ದೆ, ಹೆಸರು ಕೆತ್ತಿರುವುದು ಸರ್ಕಾರ ಕೊಟ್ಟದ್ದರಲ್ಲಿ ಮಾತ್ರ. ಅಂಗಡಿಯದ್ದರಲ್ಲಿ ಆ ಅಂಚು ಬೋಳು. ನಾವು ಕೇಳುತ್ತಿರುವುದು ಆ ಕೆತ್ತನೆಯನ್ನು.

ಹೆಸರಿನ ವಿಚಾರ ಚಿಕ್ಕದು. ಭರ್ತಿ ದಾಖಲೆಯಲ್ಲಿ ತಂದೆಯವರ ಹೆಸರಿನ ಕೊನೆಯ 'ಅಪ್ಪ'ಕ್ಕೆ ಇಂಗ್ಲಿಷಿನಲ್ಲಿ ಒಂದೇ 'ಪಿ' ಇದೆ. ಮರಣ ಪ್ರಮಾಣಪತ್ರದಲ್ಲಿ ಎರಡು. ಇದೇ ವ್ಯತ್ಯಾಸವಿದ್ದರೂ ಕುಟುಂಬ ಪಿಂಚಣಿ ಮಂಜೂರಾಗಿದೆ. ಪದಕದ ಮೇಲೆ ಭರ್ತಿ ದಾಖಲೆಯಲ್ಲಿರುವಂತೆಯೇ ಕೆತ್ತಿಸಿ, ನಮ್ಮ ಆಕ್ಷೇಪವಿಲ್ಲ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಲಗತ್ತಿಸಿದ್ದೇವೆ. ಇದು ಸತ್ಯವಾದ್ದರಿಂದ ತಾಯಿಯವರು ಸಂತೋಷದಿಂದ ಎಡಗೈ ಹೆಬ್ಬೆಟ್ಟು ಒತ್ತಿದ್ದಾರೆ, ಗೆಜೆಟೆಡ್ ಅಧಿಕಾರಿಯೊಬ್ಬರು ದೃಢೀಕರಿಸಿದ್ದಾರೆ.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಸಂಗ್ರಾಮ ಪದಕ, 25ನೇ ವಾರ್ಷಿಕೋತ್ಸವ ಪದಕ ಮತ್ತು 9 ವರ್ಷಗಳ ಪದಕಗಳನ್ನು ಪೂರ್ವಿ ಸ್ಟಾರ್‌ನಿಂದ ಬೇರ್ಪಡಿಸಿ ಕೂಡಲೇ ರಿಬ್ಬನ್ ಸಮೇತ ಕಳಿಸಿಕೊಡಿ. ಟಂಕಸಾಲೆಯಿಂದ ಪದಕಗಳು ಪೂರೈಕೆಯಾಗಿಲ್ಲವೆಂದಾದರೆ ಅದನ್ನೇ ಬರೆಯಿರಿ, ಅಲ್ಲಿಯವರೆಗೆ ಅರ್ಹತೆಯನ್ನು ಒಪ್ಪಿದ ಪ್ರಮಾಣಪತ್ರವನ್ನಾದರೂ ನೀಡಿ; ಸರಕಿಲ್ಲದಿರುವುದು ಅರ್ಜಿ ತಿರಸ್ಕರಿಸುವುದಕ್ಕೆ ಕಾರಣವಾಗದು. ಪೂರ್ವಿ ಸ್ಟಾರ್ ಬಗ್ಗೆ ಶೀಟ್ ರೋಲ್ ಮತ್ತು ಪಾರ್ಟ್ ಟೂ ಆರ್ಡರ್ ಪರಿಶೀಲಿಸಿ, ಆ ನಮೂದುಗಳ ದೃಢೀಕೃತ ನಕಲಿನೊಂದಿಗೆ ಲಿಖಿತ ತೀರ್ಮಾನ ತಿಳಿಸಿ. ಡಿಸ್ಚಾರ್ಜ್ ಬುಕ್ಕಿನ ತಿದ್ದುಪಡಿಗೆ ಈಗಲಾದರೂ ಅಧಿಕಾರಿಯ ಕಿರುಸಹಿ ಬೀಳಲಿ. ಬುಕ್ಕನ್ನು ಜಿಲ್ಲಾ ಕಚೇರಿಯ ಮೂಲಕ ರಸೀದಿ ಪಡೆದು ಕಳಿಸಲು ಸಿದ್ಧರಿದ್ದೇವೆ.

ಈ ಪತ್ರ ತಲುಪಿದ 30 ದಿನಗಳೊಳಗೆ ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ದೂರುಗಳ ಸಿಪಿಗ್ರಾಮ್ಸ್ ಪೋರ್ಟಲಿನಲ್ಲಿ ರಕ್ಷಣಾ ಸಚಿವಾಲಯಕ್ಕೆ ದೂರು ದಾಖಲಿಸುತ್ತೇವೆ. ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಶೀಟ್ ರೋಲಿನ ಸಂಬಂಧಿತ ಪುಟಗಳು ಮತ್ತು ಪದಕ ವಿತರಣಾ ರಿಜಿಸ್ಟರಿನ ನಮೂದನ್ನು ಕೇಳುತ್ತೇವೆ. ಅರ್ಜಿದಾರರು ಮೃತ ಸೈನಿಕರ ಪತ್ನಿ ಎಂಬುದಕ್ಕೆ ಪಿಪಿಒ ನಕಲು ಜೊತೆಗಿರುತ್ತದೆ. ಮೂರನೆಯವರ ಮಾಹಿತಿ ಎಂಬ ಕಾರಣ ಹೇಳಿ ನಿರಾಕರಿಸಲು ಅವಕಾಶವಿರುವುದಿಲ್ಲ.

ತಾಯಿಯವರಿಗೆ ಓದಿ ಹೇಳಿ ಅವರ ಒಪ್ಪಿಗೆ ಪಡೆಯಬೇಕಾದ್ದರಿಂದ ಪತ್ರವನ್ನು ಕನ್ನಡದಲ್ಲಿ ಬರೆದಿದ್ದೇವೆ. ಇಂಗ್ಲಿಷ್ ಅನುವಾದ ಹಿಂದೆ ಲಗತ್ತಾಗಿದೆ. ಅದರೊಂದಿಗೆ ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳು, ಪಿಪಿಒ, ಮರಣ ಪ್ರಮಾಣಪತ್ರ, ಅಫಿಡವಿಟ್, ಇನ್‌ಲ್ಯಾಂಡ್ ಪತ್ರದ ಎರಡೂ ಬದಿ ಮತ್ತು ನಿಮ್ಮ ಉತ್ತರದ ನಕಲುಗಳಿವೆ. ಪದಕಗಳನ್ನು ಸಾಮಾನ್ಯ ಅಂಚೆಯಲ್ಲಿ ಕಳಿಸಬೇಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ತಲುಪಿಸಿ ದಿನಾಂಕ ತಿಳಿಸಿದರೆ ತಾಯಿಯವರೇ ಬಂದು ಪಡೆದುಕೊಳ್ಳುತ್ತಾರೆ.

ತಮ್ಮ ವಿಶ್ವಾಸಿಗಳು,

ಅರ್ಜಿದಾರರ ಎಡಗೈ ಹೆಬ್ಬೆಟ್ಟಿನ ಗುರುತು
ಬರೆದವರು: ಮಗ (ಸಹಿ)