ಗ್ಯಾಸ್ ಹೀಟರ್ ತರೋರು ಇದನ್ನೊಮ್ಮೆ ಓದ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ಥಂಡಿ ಜೋರಾಗೇತಿ ಅಂತ ಗ್ರೂಪ್‌ನ್ಯಾಗ ಫ್ಯಾನ್ ಇರೋ ಪ್ರೊಪೇನ್ (ಎಲ್‌ಪಿಜಿಯೊಳಗ ಇರೋ ಗ್ಯಾಸ್) ಹೀಟರ್ ಫೋಟೋ ಹಾಕಿ ಮನ್ಯಾಗ ಇಡಬಹುದಾ ಅಂತ ಕೇಳಿದ್ರಲ್ಲ, ಅದಕ್ಕ ಹೇಳಾಕತ್ತೇನಿ. ಅದು ಕಟ್ಟಡದ ಸೈಟು, ಗಾಳಿ ಆಡೋ ದೊಡ್ಡ ಶೆಡ್ಡಿಗೆ ಮಾಡಿದ್ದು, ಮಲಗೋ ಖೋಲಿಗೆ ಅಲ್ರೀ. ಗ್ಯಾಸ್ ಸುಟ್ಟ ಗಾಳಿನೆಲ್ಲಾ ಫ್ಯಾನು ಸೀದಾ ಒಳಗ ಊದತೈತಿ, ಹೊರಗ ಹೋಗಾಕ ಪೈಪ್ ಇರಂಗಿಲ್ಲ, ಕಿಟಕಿ ಬಾಗಿಲಾ ಹಾಕ್ಕೊಂಡು ಕುಂತ್ರ ಆಕ್ಸಿಜನ್ ಕಡಿಮಿ ಆಗಿ ಕಾರ್ಬನ್ ಮೊನಾಕ್ಸೈಡ್ ತುಂಬತೈತಿ, ಅದಕ್ಕ ವಾಸನಿ ಇಲ್ಲ ಬಣ್ಣ ಇಲ್ಲ, ತಲಿನೋವು ಬಂದು ವಾಂತಿ ಬಂದಂಗ ಆಗಿ ಹಂಗ ನಿದ್ದಿ ಹತ್ತಿದ್ರ ಮುಗೀತು.

ಆ ಹೀಟರ್ 30,000 ಬಿಟಿಯುದು (ತಾಸಿಗೆ ಎಷ್ಟು ಶಾಖ ಕೊಡತೈತಿ ಅನ್ನೋ ಅಳತಿ) ಅಂದ್ರ ಸುಮಾರು 9 ಕಿಲೋವ್ಯಾಟ್, ತಾಸಿಗೆ 600 ಗ್ರಾಂ ಮ್ಯಾಲ ಗ್ಯಾಸ್ ತಿಂತೈತಿ, 14.2 ಕೆಜಿ ಸಿಲಿಂಡರ್ ಪೂರಾ ಒಂದಿನಾನೂ ಬರಂಗಿಲ್ಲ! ಫ್ಯಾನಿಗೆ ಕರೆಂಟ್ ಬ್ಯಾರೆ ಬೇಕು. ಅಡಿಗಿಮನಿ ರೆಗ್ಯುಲೇಟರ್ ಹಚ್ಚಿ ಜುಗಾಡ ಅಂತೂ ಮಾಡಬ್ಯಾಡ್ರಿ, ಪ್ರೆಶರ್ ಹೊಂದಂಗಿಲ್ಲ.

ವರ್ಕ್‌ಶಾಪಿಗೆ ತಗೊಳ್ಳೋರು ಶಟರ್ ತಗದಿಡ್ರಿ, ಪೇಂಟು ಥಿನ್ನರು ದೂರ ಇರ್ಲಿ, ಪೈಪ್ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಗುಳ್ಳಿ ಬರತಾವೇನು ನೋಡ್ರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮ್ಯಾಲೇ ಹರಡತೈತಿ. ವಾಸನಿ ಬಂದ್ರ ಸ್ವಿಚ್ ಮುಟ್ಟಬ್ಯಾಡ್ರಿ, ಹೊರಗ ಬಂದು ಗ್ಯಾಸ್ ಸೋರಿಕಿ ಸಹಾಯವಾಣಿ 1906ಕ್ಕ ಫೋನ್ ಹಚ್ರಿ.

ಮನಿಗೆ ನನ್ನ ಕೇಳಿದ್ರ ಕರೆಂಟಿನ ಆಯಿಲ್ ಹೀಟರ್ ಸಾಕು, ಬಿಲ್ ಏರತೈತಿ ಖರೆ, 16 ಆಂಪ್ ಸಾಕೆಟ್‌ಗೆ ಹಾಕ್ರಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಬ್ಯಾಡ. ಹೆಂಗೂ ಶಿವರಾತ್ರಿ ತನಕ ಅಷ್ಟ. ಮತ್ತ ಬಾತ್‌ರೂಮಿನ್ಯಾಗ ಗ್ಯಾಸ್ ಗೀಸರ್ ಇದ್ದೋರು, ಥಂಡಿ ಅಂತ ಗವಾಕ್ಷಿಗೆ ರಟ್ಟು ಬಡದಿದ್ರ ಇವತ್ತ ತಗೀರಿ, ಅಲ್ಲೂ ಇದೇ ಕಾರ್ಬನ್ ಮೊನಾಕ್ಸೈಡ್ ತುಂಬತೈತಿ.