ಫೋಟೋ ಕಾಗದದ ಪೊಟ್ಟಣದ ಮೇಲೆ ಪೂರ್ಣ ಮಾಹಿತಿ ಇರಲಿ

ಮಾನ್ಯ ಸಂಪಾದಕರೇ,

ಪರದೆಯ ಮೇಲೆ ಕಂಗೊಳಿಸಿದ ಫೋಟೋ ಇಂಕ್‌ಜೆಟ್ ಪ್ರಿಂಟರ್‌ನಿಂದ ಮಂಕಾಗಿ ಹೊರಬಂದರೆ ಎಲ್ಲರೂ ಮೊದಲು ದೂರುವುದು ಪ್ರಿಂಟರನ್ನು, ಆಮೇಲೆ ಶಾಯಿಯನ್ನು. ಎಷ್ಟೋ ಸಲ ಎರಡರಲ್ಲೂ ದೋಷವಿರುವುದಿಲ್ಲ. ಕಾಗದ ಮಾರುವವರು ಗ್ರಾಹಕರಿಗೆ ತಿಳಿಸಬೇಕಾದದ್ದನ್ನು ತಿಳಿಸದಿರುವುದೇ ಈ ತೊಂದರೆಗೆ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಪರದೆಯು ಕೆಂಪು, ಹಸಿರು, ನೀಲಿ ಬೆಳಕನ್ನು ತಾನೇ ಸೂಸಿ, ಕೂಡಿಸಿ ಬಣ್ಣ ತೋರಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಸಯಾನ್ (ಹಸಿರುನೀಲಿ) ಶಾಯಿ ಕೆಂಪನ್ನೂ, ಮಜೆಂಟಾ (ನೇರಳೆಗೆಂಪು) ಹಸಿರನ್ನೂ, ಹಳದಿ ನೀಲಿಯನ್ನೂ ಹೀರಿಕೊಂಡ ಮೇಲೆ ಉಳಿದದ್ದಷ್ಟೇ ನಮ್ಮ ಕಣ್ಣಿಗೆ ಬರುತ್ತದೆ. ಆದ್ದರಿಂದ ಮುದ್ರಿತ ಚಿತ್ರದ ಅತಿ ಬಿಳಿಯ ಭಾಗ ಕಾಗದದ ಬಿಳುಪನ್ನು ಮೀರಲಾರದು, ಪರದೆಯಲ್ಲಿ ಪ್ರಜ್ವಲಿಸುವ ಕೆಲವು ಹಸಿರು ಮತ್ತು ನೀಲಿ ಛಾಯೆಗಳು ಶಾಯಿಗೆ ಎಟುಕುವುದೇ ಇಲ್ಲ. ಪರದೆಯ ಪ್ರಖರತೆಯನ್ನು ವಿಪರೀತ ಏರಿಸಿಕೊಂಡು ಚಿತ್ರ ತಿದ್ದಿದವರಿಗೆ ಮುದ್ರಣ ಕಪ್ಪಾಗಿ ಕಾಣುವುದೂ ಸಹಜವೇ.

ಮುದ್ರಿತ ಆಕಾಶದ ತಿಳಿನೀಲಿ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅಲ್ಲಿರುವುದು ಒಂದೇ ಸಮನಾದ ನೀಲಿ ಲೇಪವಲ್ಲ, ಬಿಡಿಬಿಡಿಯಾಗಿ ಚದುರಿದ ಚುಕ್ಕಿಗಳು ಮತ್ತು ಅವುಗಳ ನಡುವೆ ಇಣುಕುವ ಬಿಳಿ ಕಾಗದ ಎಂಬುದು ತಿಳಿಯುತ್ತದೆ. ಕೆಲವೇ ಪಿಕೋಲೀಟರ್ (ಲೀಟರಿನ ಲಕ್ಷ ಕೋಟಿಯಲ್ಲೊಂದು ಭಾಗ) ಗಾತ್ರದ ಆ ಶಾಯಿಹನಿಗಳು ಸಾಧಾರಣ ಕಾಗದದ ನಾರಿನಲ್ಲಿ ಹರಡಿ ಆಳಕ್ಕಿಳಿಯುವುದರಿಂದ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ, ಬಣ್ಣ ಸೊರಗುತ್ತದೆ. ಫೋಟೋ ಕಾಗದದ ಲೇಪನ ಅವನ್ನು ಮೇಲ್ಪದರದಲ್ಲೇ ಹಿಡಿದಿಡುತ್ತದೆ. ಯಾವ ಕಾಗದಕ್ಕೆ ಎಷ್ಟು ಶಾಯಿ ಸುರಿಯಬೇಕೆಂದು ಪ್ರಿಂಟರ್ ನಿರ್ಧರಿಸುವುದು ನಾವು ಆಯ್ಕೆ ಮಾಡುವ ಕಾಗದದ ಬಗೆಯನ್ನು ನೋಡಿಯೇ. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

1993ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟವು (ಐಸಿಸಿ) ರೂಪಿಸಿದ ಐಸಿಸಿ ಪ್ರೊಫೈಲ್ ಎಂಬ ಕಡತ ಇರುವುದು ಆಯಾ ಕಾಗದಕ್ಕೆ ತಕ್ಕಂತೆ ಬಣ್ಣ ಹೊಂದಿಸುವುದಕ್ಕಾಗಿಯೇ. ನೂರಾರು ಬಣ್ಣದ ಚೌಕಗಳನ್ನು ಮುದ್ರಿಸಿ, ಉಪಕರಣದಿಂದ ಅಳೆದು ತಯಾರಿಸುವ ಈ ಕಡತ, ಒಂದು ಪ್ರಿಂಟರ್, ಒಂದು ಶಾಯಿ, ಒಂದು ಕಾಗದ ಈ ಮೂರೂ ಕೂಡಿದಾಗಿನ ವರ್ತನೆಯನ್ನು ದಾಖಲಿಸುತ್ತದೆ. ಮೂರರಲ್ಲಿ ಒಂದು ಬದಲಾದರೂ ಆ ಅಳತೆಯನ್ನು ನೆಚ್ಚುವಂತಿಲ್ಲ. ಪ್ರೊಫೈಲ್ ಸರಿಯಿದ್ದೂ ಚಿತ್ರ ತಿದ್ದುವ ತಂತ್ರಾಂಶ ಮತ್ತು ಪ್ರಿಂಟರ್ ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ) ಎರಡೂ ಒಂದೇ ಬಣ್ಣವನ್ನು ತಿದ್ದಲು ಹೊರಟರೆ ಮುಖದ ಮೈಬಣ್ಣ ಅಸಹಜವಾಗಿ ಮಜೆಂಟಾಕ್ಕೆ ವಾಲುವುದುಂಟು. ತಿದ್ದುವ ಹೊಣೆಯನ್ನು ಒಂದಕ್ಕೆ ಒಪ್ಪಿಸಿ ಇನ್ನೊಂದನ್ನು ಸುಮ್ಮನಿರಿಸಬೇಕು.

ಕಾಗದದ ಪೊಟ್ಟಣಗಳ ಮೇಲೆ ಹೊಳಪು, ಗಾತ್ರ ಮತ್ತು ಗ್ರಾಂ ಲೆಕ್ಕದ ತೂಕ ದಪ್ಪಕ್ಷರದಲ್ಲಿರುತ್ತವೆ. ಈ ಕಾಗದ ಡೈ ಶಾಯಿಗೆ (ಬಣ್ಣ ದ್ರವದಲ್ಲಿ ಕರಗಿರುವಂಥದ್ದು) ಹೊಂದುತ್ತದೆಯೋ ಪಿಗ್ಮೆಂಟ್ ಶಾಯಿಗೋ (ಬಣ್ಣ ಕರಗದ ಸೂಕ್ಷ್ಮ ಕಣಗಳಾಗಿರುವಂಥದ್ದು), ಪ್ರಿಂಟರ್‌ನಲ್ಲಿ ಯಾವ ಬಗೆಯನ್ನು ಆರಿಸಬೇಕು, ಪ್ರೊಫೈಲ್ ಎಲ್ಲಿ ಸಿಗುತ್ತದೆ, ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸಲಾಗಿದೆಯೇ ಎಂಬ ವಿವರಗಳು ಎಷ್ಟೋ ಪೊಟ್ಟಣಗಳಲ್ಲಿ ಇಲ್ಲ. ಕೊನೆಯದು ಸಣ್ಣ ಸಂಗತಿಯಲ್ಲ. ಅಂಥ ಕಾಗದ ನೇರಳಾತೀತ ಕಿರಣವಿರುವ ಹಗಲಿನಲ್ಲಿ ನೀಲಿಬಿಳುಪಾಗಿ ಹೊಳೆದು, ಆ ಕಿರಣವಿಲ್ಲದ ದೀಪದಡಿ ಹಳದಿಗೆ ತಿರುಗಿದಂತೆ ಕಾಣುತ್ತದೆ. ತಯಾರಕರು ಈ ನಾಲ್ಕು ವಿವರಗಳನ್ನು ಪೊಟ್ಟಣದ ಹಿಂಬದಿಯಲ್ಲಿ ಕಡ್ಡಾಯವಾಗಿ ಮುದ್ರಿಸಬೇಕು.

– ಓರ್ವ ಹವ್ಯಾಸಿ ಛಾಯಾಗ್ರಾಹಕ